ಬಾಣಂತಿಗೆ ಹೇಳಿದ್ದು, ಬಾಣಂತಿ ಕಲಿತದ್ದು

ನರ್ಸಿಂಗ್ ಪದವಿಯ ಕೊನೆಯ ವರ್ಷದ ಸಂಶೋಧನಾ ವರದಿಗಳನ್ನು ಓದುವ ಕೆಲಸ ಪ್ರತಿ ವರ್ಷವೂ ನನ್ನ ಪಾಲಿಗೆ ಬರುತ್ತದೆ. ಎದೆಹಾಲೂಡಿಕೆ, ನವಜಾತ ಶಿಶುವಿನ ಕಾಮಾಲೆ, ಹೊಕ್ಕುಳಿನ ಆರೈಕೆ, ಹೆರಿಗೆಯ ನಂತರದ ರಕ್ತಹೀನತೆ, ಲಸಿಕೆ ಎಂದು ವಿಷಯಗಳು ಬದಲಾಗುತ್ತಿರುತ್ತವೆ. ವರದಿಯ ಆಕಾರ ಮಾತ್ರ ಬದಲಾಗುವುದಿಲ್ಲ. ವಾರ್ಡಿನಲ್ಲಿರುವ ಬಾಣಂತಿಯರಿಗೆ ಮೊದಲು ಪ್ರಶ್ನಾವಳಿಯೊಂದನ್ನು ಕೊಟ್ಟು, ಆಮೇಲೆ ಫ್ಲಿಪ್ ಚಾರ್ಟ್ ಹಿಡಿದು ಮುಕ್ಕಾಲು ಗಂಟೆ ಪಾಠ ಮಾಡಿ, ಕೆಲವು ದಿನ ಬಿಟ್ಟು ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಡುತ್ತಾರೆ. ಅಂಕಗಳು ಏರಿರುತ್ತವೆ. ಆ ಏರಿಕೆ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರದ ಕೋಷ್ಟಕವೊಂದು ದೃಢಪಡಿಸುತ್ತದೆ, ಕೊನೆಯ ಅಧ್ಯಾಯದಲ್ಲಿ ‘ಯೋಜಿತ ಬೋಧನಾ ಕಾರ್ಯಕ್ರಮವು ಪರಿಣಾಮಕಾರಿಯಾಗಿದೆ’ ಎಂಬ ವಾಕ್ಯ ಬರುತ್ತದೆ. ಅಂಕ ಏರದ ವರದಿಯೊಂದನ್ನು ನಾನು ಇದುವರೆಗೆ ಓದಿಲ್ಲ. ವಿದ್ಯಾರ್ಥಿಗಳ ಪ್ರಾಮಾಣಿಕತೆಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ; ಪಾಳಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅವರು ಒಬ್ಬೊಬ್ಬ ತಾಯಿಯ ಬಳಿಗೂ ಹೋಗಿರುತ್ತಾರೆ. ನನ್ನನ್ನು ಕಾಡುವುದು ಆ ಕೊನೆಯ ವಾಕ್ಯ.

ಅದೇ ಪ್ರಶ್ನೆಗಳನ್ನು ಅದೇ ವ್ಯಕ್ತಿಗೆ ಎರಡನೆಯ ಬಾರಿ ಕೇಳಿದಾಗ ಅಂಕ ಏರುವುದಕ್ಕೆ ಪಾಠವೇ ಬೇಕೆಂದಿಲ್ಲ. ಮೊದಲ ಪ್ರಶ್ನಾವಳಿಯೇ ಒಂದು ಪಾಠ. ಯಾವುದನ್ನು ಮುಖ್ಯವೆಂದು ಎಣಿಸಲಾಗಿದೆ ಎಂಬುದನ್ನು ಅದು ತಿಳಿಸಿಬಿಡುತ್ತದೆ. ಮೇಲಾಗಿ, ಮಗು ಹುಟ್ಟಿದ ಮೊದಲ ವಾರದಲ್ಲಿ ತಾಯಿ ಯಾರ ಪಾಠವಿಲ್ಲದೆಯೂ ಬಹಳಷ್ಟನ್ನು ಕಲಿಯುತ್ತಾಳೆ. ಪಕ್ಕದ ಹಾಸಿಗೆಯ ತಾಯಿಯಿಂದ, ಮನೆಯ ಹಿರಿಯರಿಂದ, ರಾತ್ರಿ ಪಾಳಿಯ ಸಿಸ್ಟರಿಂದ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮಗುವಿನಿಂದ. ಪಾಠ ಕೇಳದ ತಾಯಂದಿರ ಗುಂಪೊಂದನ್ನು ಜೊತೆಗಿಟ್ಟು ನೋಡದಿದ್ದರೆ ಈ ಕಲಿಕೆಯ ಶ್ರೇಯಸ್ಸೂ ಫ್ಲಿಪ್ ಚಾರ್ಟಿಗೇ ಸೇರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ಹೆಣ್ಣುಮಗಳು, ಬಿಳಿ ಕೋಟು ತೊಟ್ಟು ಎದುರು ನಿಂತವರಿಗೆ ಅವರು ಬಯಸುವ ಉತ್ತರವನ್ನೇ ಕೊಡಲು ಪ್ರಯತ್ನಿಸುತ್ತಾಳೆ. ಅದು ಸೌಜನ್ಯ, ತನ್ನ ಮತ್ತು ಮಗುವಿನ ಆರೈಕೆ ಅವರ ಕೈಯಲ್ಲಿದೆ ಎಂಬ ಅರಿವೂ ಅದರಲ್ಲಿ ಸೇರಿರುತ್ತದೆ.

ಇದು ಸಂಶೋಧನಾ ವಿಧಾನದ ತಕರಾರಷ್ಟೇ ಆಗಿದ್ದರೆ ಪರೀಕ್ಷಕರ ಟಿಪ್ಪಣಿಯಲ್ಲಿ ಬರೆದು ಸುಮ್ಮನಾಗಬಹುದಿತ್ತು. ಆದರೆ ಈ ವರದಿಗಳನ್ನು ಬರೆಯುತ್ತಿರುವವರು ಮುಂದಿನ ವರ್ಷ ನರ್ಸುಗಳಾಗುತ್ತಾರೆ. ತಿಳಿವಳಿಕೆ ನೀಡುವುದೆಂದರೆ ಒಂದು ವಿಷಯವನ್ನು ಪೂರ್ತಿಯಾಗಿ ಹೇಳಿ ಮುಗಿಸುವುದು, ಕಲಿಯುವುದೆಂದರೆ ಹೇಳಿದ್ದನ್ನು ಮರಳಿ ಒಪ್ಪಿಸುವುದು ಎಂಬ ನಂಬಿಕೆಯನ್ನು ಈ ಅಭ್ಯಾಸ ಅವರಲ್ಲಿ ಬಲವಾಗಿ ಬೇರೂರಿಸುತ್ತದೆ. ಆ ನಂಬಿಕೆಯ ಫಲವನ್ನು ಉಣ್ಣುವವರು ಮನೆಗೆ ಹೋದ ಬಾಣಂತಿಯರು.

ನಾಲ್ಕು ಲಕ್ಷಣಗಳು

ಒಂದು ಬೆಳಗ್ಗೆ ಹೆರಿಗೆ ವಾರ್ಡಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಪಾಠವನ್ನು ನೋಡುತ್ತ ನಿಂತಿದ್ದೆ. ಮಗು ಎದೆಯನ್ನು ಸರಿಯಾಗಿ ಬಾಯಿಗೆ ಹಿಡಿದುಕೊಂಡಿದೆ ಎಂದು ತಿಳಿಯಲು ನಾಲ್ಕು ಲಕ್ಷಣಗಳನ್ನು ಎಲ್ಲೆಡೆಯೂ ಕಲಿಸಲಾಗುತ್ತದೆ: ಮಗುವಿನ ಗಲ್ಲ ಎದೆಗೆ ತಾಗಿರಬೇಕು, ಬಾಯಿ ಅಗಲವಾಗಿ ತೆರೆದಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ವಿದ್ಯಾರ್ಥಿನಿ ಈ ನಾಲ್ಕನ್ನೂ ಸ್ಪಷ್ಟವಾದ ದನಿಯಲ್ಲಿ, ಒಂದೊಂದು ಚಿತ್ರವನ್ನೂ ಬೆರಳಿಟ್ಟು ತೋರಿಸುತ್ತ ಹೇಳಿದಳು. ‘ಅರ್ಥ ಆಯ್ತಾ ಅಕ್ಕಾ?’ ಎಂದು ಕೇಳಿದಳು. ತಾಯಿ ತಲೆಯಾಡಿಸಿದರು. ಲಕ್ಷಣಗಳನ್ನು ಮತ್ತೆ ಹೇಳುವಂತೆ ಕೇಳಿದಾಗ ಒಂದನ್ನೂ ಬಿಡದೆ ಹೇಳಿದರು. ಪ್ರಶ್ನಾವಳಿಯ ಲೆಕ್ಕದಲ್ಲಿ ಅದು ನಾಲ್ಕಕ್ಕೆ ನಾಲ್ಕು.

ಅಷ್ಟು ಹೊತ್ತೂ ಆ ತಾಯಿಯ ಮಡಿಲಲ್ಲಿ ಮಗು ಹಾಲು ಕುಡಿಯುತ್ತಿತ್ತು. ಅದು ತೊಟ್ಟಿನ ತುದಿಯನ್ನಷ್ಟೇ ಹಿಡಿದಿತ್ತು. ಪ್ರತಿ ಬಾರಿ ಚೀಪಿದಾಗಲೂ ಕೆನ್ನೆಗಳು ಒಳಕ್ಕೆ ಕುಳಿ ಬೀಳುತ್ತಿದ್ದವು, ಗಲ್ಲ ಎದೆಯಿಂದ ದೂರವಿತ್ತು. ತಾಯಿ ಹಲ್ಲು ಕಚ್ಚಿಕೊಂಡು ನೋವನ್ನು ತಡೆದುಕೊಳ್ಳುತ್ತಿದ್ದರು. ಪಾಠ ಮಾಡುತ್ತಿದ್ದವಳ ಕಣ್ಣು ಚಾರ್ಟಿನ ಮೇಲಿತ್ತು, ಕೇಳುತ್ತಿದ್ದವರ ಕಣ್ಣೂ ಚಾರ್ಟಿನ ಮೇಲೆಯೇ ಇತ್ತು. ಚಾರ್ಟನ್ನು ಪಕ್ಕಕ್ಕಿಟ್ಟು ಮಂಚದ ಬಳಿ ಸ್ಟೂಲಿನಲ್ಲಿ ಕುಳಿತುಕೊಳ್ಳುವಂತೆ ನಾನು ವಿದ್ಯಾರ್ಥಿನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಗುವನ್ನು ನೋಡಿದ ಮೇಲೆ ಅವಳಾಗಿಯೇ ತಾಯಿಯನ್ನು ಕೇಳಿದಳು: ‘ನೋಯ್ತಾ ಇದೆಯಾ ಅಕ್ಕಾ?’ ಆಗ ತಾಯಿ ಹೇಳಿದ್ದು ಎದೆಯ ನೋವಿನ ಬಗ್ಗೆ ಅಲ್ಲ. ಹೊಲಿಗೆ ಹಾಕಿದ ಜಾಗ ಎಷ್ಟು ನೋಯುತ್ತಿತ್ತೆಂದರೆ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಅದಕ್ಕಾಗಿ ಒಂದು ಪಕ್ಕಕ್ಕೆ ಭಾರ ಹಾಕಿ ಹಿಂದಕ್ಕೆ ವಾಲುತ್ತಿದ್ದರು, ವಾಲಿದಾಗ ಮಗು ಜಾರಿ ತೊಟ್ಟಿನ ತುದಿಗೆ ಬರುತ್ತಿತ್ತು.

ಪಕ್ಕಕ್ಕೆ ತಿರುಗಿ ಮಲಗಿಕೊಂಡು ಹಾಲೂಡಿಸುವುದನ್ನು ವಿದ್ಯಾರ್ಥಿನಿ ತೋರಿಸಿದಳು, ಬೆನ್ನಿಗೆ ದಿಂಬು ಕೊಟ್ಟಳು, ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ಇಬ್ಬರೂ ಸೇರಿ ಮಲಗಿಸಿದರು. ಮಗು ಬಾಯಿ ಅಗಲಿಸಿ ಹಿಡಿದುಕೊಂಡಿತು. ತಾಯಿಗೆ ಕೊರತೆಯಿದ್ದದ್ದು ಮಾಹಿತಿಯದಲ್ಲ ಎಂಬುದು ಆ ಹೊತ್ತಿಗೆ ನಮಗೆಲ್ಲ ಗೊತ್ತಾಗಿತ್ತು. ನೋವು ನಿವಾರಕದ ಮುಂದಿನ ಡೋಸಿನ ಬಗ್ಗೆ ಕೇಸ್ ಶೀಟ್ ನೋಡುವುದೂ ಎದೆಹಾಲಿನ ಪಾಠದ ಭಾಗವೇ ಎಂದು ಆಮೇಲೆ ನಾವು ಮಾತನಾಡಿಕೊಂಡೆವು. ಇಂಥದ್ದನ್ನು ಯಾವ ಪ್ರಶ್ನಾವಳಿಯೂ ಹಿಡಿಯಲಾರದು, ಏಕೆಂದರೆ ಪ್ರಶ್ನೆಗಳನ್ನು ಬರೆಯುವಾಗಲೇ ತಾಯಿಗೆ ಏನು ಗೊತ್ತಿಲ್ಲ ಎಂಬುದನ್ನು ನಾವು ತೀರ್ಮಾನಿಸಿಬಿಟ್ಟಿರುತ್ತೇವೆ.

ಇಪ್ಪತ್ತು ನಿಮಿಷದ ಪಾಠ

ಹೇಳಿದ ಮಾತ್ರಕ್ಕೆ ತಾಯಿ ಕಲಿಯುತ್ತಾಳೆಯೇ ಎಂಬ ಈ ಅನುಮಾನವನ್ನು ಗಟ್ಟಿಯಾದ ಪರೀಕ್ಷೆಗೆ ಒಡ್ಡಿದವರಿದ್ದಾರೆ. ಕಠ್ಮಂಡುವಿನ ಹೆರಿಗೆ ಆಸ್ಪತ್ರೆಯಲ್ಲಿ ನಡೆದ ಒಂದು ಅಧ್ಯಯನ 1998ರಲ್ಲಿ ಪ್ರಕಟವಾಯಿತು. 540 ತಾಯಂದಿರನ್ನು ಲಾಟರಿಯಂತೆ ನಾಲ್ಕು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ ಹೆರಿಗೆಯಾದ ಕೂಡಲೆ ಮತ್ತು ಮೂರು ತಿಂಗಳ ನಂತರ, ಇನ್ನೊಂದಕ್ಕೆ ಹೆರಿಗೆಯಾದಾಗ ಮಾತ್ರ, ಮತ್ತೊಂದಕ್ಕೆ ಮೂರು ತಿಂಗಳ ನಂತರ ಮಾತ್ರ, ಒಬ್ಬೊಬ್ಬರಿಗೇ ಕುಳಿತು ಸುಮಾರು 20 ನಿಮಿಷ ತಿಳಿವಳಿಕೆ ನೀಡಿದರು. ನಾಲ್ಕನೆಯ ಗುಂಪಿಗೆ ಏನನ್ನೂ ಹೇಳಲಿಲ್ಲ. ಶಿಶುವಿನ ಆಹಾರ, ಭೇದಿಯಾದಾಗ ಮಾಡಬೇಕಾದ್ದು, ನ್ಯುಮೋನಿಯಾದ ಲಕ್ಷಣಗಳು, ಲಸಿಕೆ, ಕುಟುಂಬ ಯೋಜನೆ, ಹೀಗೆ ನಮ್ಮ ಫ್ಲಿಪ್ ಚಾರ್ಟುಗಳಲ್ಲಿರುವ ವಿಷಯಗಳೇ. ಆರು ತಿಂಗಳಾದ ಮೇಲೆ ನೋಡಿದರೆ, ಹೆರಿಗೆಯ ಹೊತ್ತಿನಲ್ಲಿ ಪಾಠ ಕೇಳಿದವರು ಗರ್ಭನಿರೋಧಕ ಬಳಸುವ ಸಾಧ್ಯತೆ ತುಸು ಹೆಚ್ಚಿತ್ತು. ಉಳಿದ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಒಳ್ಳೆಯ ಉದ್ದೇಶದಿಂದ, ಸಿದ್ಧತೆಯೊಂದಿಗೆ, ಒಬ್ಬೊಬ್ಬರಿಗೂ ಕೊಟ್ಟ ಪಾಠದ ಫಲಿತಾಂಶ ಇದು. ಪ್ರತಿಯೊಂದು ನರ್ಸಿಂಗ್ ಕಾಲೇಜಿನಲ್ಲೂ ಈ ಅಧ್ಯಯನವನ್ನು ಮೊದಲ ವರ್ಷದಲ್ಲೇ ಓದಿಸಬೇಕು ಎಂಬುದು ನನ್ನ ಅಭಿಪ್ರಾಯ.

ಆ ತಂಡದ ಪ್ರಮುಖರು ಅಲ್ಲಿಗೆ ಕೈಬಿಡಲಿಲ್ಲ ಎಂಬುದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಧರ್ಮ ಮಾನಂಧರ್, ಆ್ಯಂಟನಿ ಕಾಸ್ಟೆಲೊ ಮತ್ತು ಸಂಗಡಿಗರು ಮುಂದೆ ನೇಪಾಳದ ಮಕವಾನಪುರ ಜಿಲ್ಲೆಯಲ್ಲಿ ಬೇರೆಯೇ ದಾರಿ ಹಿಡಿದರು. ಅಲ್ಲಿ ಹೆಂಗಸರು ತಿಂಗಳಿಗೊಮ್ಮೆ ಒಂದೆಡೆ ಸೇರುತ್ತಿದ್ದರು. ಸಭೆ ನಡೆಸುತ್ತಿದ್ದವಳು ವೈದ್ಯೆಯೂ ಅಲ್ಲ, ನರ್ಸೂ ಅಲ್ಲ. ಅದೇ ಊರಿನ, ಸ್ವಲ್ಪ ತರಬೇತಿ ಪಡೆದ ಹೆಣ್ಣುಮಗಳು. ಚಿತ್ರದ ಕಾರ್ಡುಗಳನ್ನು ಇಟ್ಟುಕೊಂಡು ಬಸಿರು, ಹೆರಿಗೆ, ಹಸುಳೆಯ ವಿಷಯದಲ್ಲಿ ತಮ್ಮಲ್ಲಿ ಯಾವ ತೊಂದರೆಗಳು ಬರುತ್ತವೆ ಎಂಬುದನ್ನು ಆ ಗುಂಪಿನವರೇ ಗುರುತಿಸುತ್ತಿದ್ದರು, ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂದು ತೀರ್ಮಾನಿಸುತ್ತಿದ್ದರು, ಪರಿಹಾರವನ್ನೂ ತಾವೇ ಆಲೋಚಿಸಿ ಜಾರಿಗೆ ತರುತ್ತಿದ್ದರು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ಗುಂಪುಗಳಿದ್ದ ಪ್ರದೇಶಗಳಲ್ಲಿ ಹುಟ್ಟಿದ ಪ್ರತಿ 1,000 ಜೀವಂತ ಶಿಶುಗಳಲ್ಲಿ ಮೊದಲ ತಿಂಗಳೊಳಗೆ ತೀರಿಕೊಂಡವು ಸುಮಾರು 26; ಗುಂಪುಗಳಿಲ್ಲದ ಪ್ರದೇಶಗಳಲ್ಲಿ ಸುಮಾರು 37. ಮುಂದೆ ಇಂಥದೇ ಪ್ರಯೋಗಗಳು ಭಾರತ, ಬಾಂಗ್ಲಾದೇಶ, ಮಲಾವಿಗಳಲ್ಲೂ ನಡೆದವು. ಗುಂಪುಗಳು ವಿರಳವಾಗಿದ್ದು, ಬಸುರಿಯರಲ್ಲಿ ಕೆಲವರಷ್ಟೇ ಭಾಗವಹಿಸಿದ ಕಡೆ ಪರಿಣಾಮ ಕಾಣಲಿಲ್ಲ. ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿದ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ, ಆರೋಗ್ಯ ಸೇವೆ ಸರಿಯಾಗಿ ಸಿಗದ ಗ್ರಾಮೀಣ ಪ್ರದೇಶಗಳಿಗೆ ಈ ವಿಧಾನವನ್ನು ಶಿಫಾರಸು ಮಾಡಿತು.

ಮೂರನೆಯ ಉದಾಹರಣೆ ಬೆಲರೂಸಿನದು. ಅಲ್ಲಿ 31 ಹೆರಿಗೆ ಆಸ್ಪತ್ರೆಗಳಲ್ಲಿ 17,046 ತಾಯಿ-ಮಕ್ಕಳನ್ನು ಒಳಗೊಂಡ ಪ್ರಯೋಗದ ಫಲಿತಾಂಶವನ್ನು ಮೈಕೆಲ್ ಕ್ರೇಮರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಆಸ್ಪತ್ರೆಗಳಲ್ಲಿ ಬದಲಾದದ್ದು ವಾರ್ಡಿನ ನಡವಳಿಕೆಯೇ. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1991ರಲ್ಲಿ ಆರಂಭಿಸಿದ ಶಿಶುಸ್ನೇಹಿ ಆಸ್ಪತ್ರೆ ಯೋಜನೆಯ ಮಾದರಿಯಲ್ಲಿ ಸಿಬ್ಬಂದಿಗೆ ತರಬೇತಿ ಕೊಟ್ಟರು. ಹಾಲೂಡಿಸುವುದನ್ನು ಪಕ್ಕದಲ್ಲಿದ್ದು ಕಲಿಸುವುದು, ತಾಯಿ-ಮಗುವನ್ನು ಬೇರ್ಪಡಿಸದಿರುವುದು ಅಲ್ಲಿ ದಿನದ ಕೆಲಸವಾಯಿತು. ಮೂರನೆಯ ತಿಂಗಳಲ್ಲಿ ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದ ಶಿಶುಗಳ ಪ್ರಮಾಣ ಆ ಆಸ್ಪತ್ರೆಗಳಲ್ಲಿ ಶೇಕಡಾ 43.3 ಇದ್ದರೆ, ಹಳೆಯ ಕ್ರಮದಲ್ಲೇ ನಡೆದ ಆಸ್ಪತ್ರೆಗಳಲ್ಲಿ ಶೇಕಡಾ 6.4 ಇತ್ತು. ಮೊದಲ ವರ್ಷದಲ್ಲಿ ಭೇದಿಯ ಕಾಯಿಲೆಗೆ ತುತ್ತಾದ ಮಕ್ಕಳೂ ಅಲ್ಲಿ ಕಡಿಮೆ.

ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಅನ್ನಿಸುವುದು ಇಷ್ಟು. ಒಮ್ಮೆ ಕೇಳಿದ ಮಾತು ತಾಯಿಯ ಬದುಕಿನಲ್ಲಿ ನಿಲ್ಲುವುದು ಬಹಳ ಕಷ್ಟ. ತಾನೇ ಎತ್ತಿದ ಪ್ರಶ್ನೆ, ತನ್ನವರೊಂದಿಗೆ ಮತ್ತೆ ಮತ್ತೆ ಆಡಿದ ಮಾತು, ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡು ಕೈಯಾರೆ ಮಾಡಿದ ಕೆಲಸ ನಿಲ್ಲುತ್ತದೆ. ವಾರ್ಡಿನ ಗೋಡೆಯ ಮೇಲೆ ಎದೆಹಾಲಿನ ಮಹತ್ವದ ಪೋಸ್ಟರ್ ಇದ್ದು, ಮಗು ರಾತ್ರಿ ಅತ್ತಾಗ ಸಿಬ್ಬಂದಿಯೇ ಬಾಟಲಿ ತಂದು ಕೊಟ್ಟರೆ ತಾಯಿ ಕಲಿಯುವುದು ಬಾಟಲಿಯನ್ನು. ಮಲಗಿಸುವ ಭಂಗಿಯ ಇತಿಹಾಸವೂ ಇದನ್ನೇ ತೋರಿಸುತ್ತದೆ. ಹಲವು ದೇಶಗಳಲ್ಲಿ ದಶಕಗಳ ಕಾಲ ಆಸ್ಪತ್ರೆಗಳಲ್ಲೇ ಶಿಶುಗಳನ್ನು ಬೋರಲು ಮಲಗಿಸುತ್ತಿದ್ದರು, ಮನೆಯಲ್ಲಿ ತಾಯಂದಿರೂ ಹಾಗೆಯೇ ಮಾಡಿದರು. ನಿದ್ದೆಯಲ್ಲಿಯೇ ಸಂಭವಿಸುವ ಹಠಾತ್ ಶಿಶುಮರಣಕ್ಕೂ ಈ ಭಂಗಿಗೂ ಇರುವ ನಂಟು ಸ್ಪಷ್ಟವಾದ ಮೇಲೆ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಎಂಬ ಅಭಿಯಾನ ನಡೆಯಿತು. ಅಂಥ ಸಾವುಗಳು ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತಲೂ ಕಡಿಮೆಯಾದವು. ನರ್ಸಿನ ಕೈ ಮಾಡುವ ಕೆಲಸಕ್ಕೆ ಇಷ್ಟು ಶಕ್ತಿಯಿದೆ, ಎರಡೂ ದಿಕ್ಕಿನಲ್ಲಿ.

ಮನೆಗೆ ಹೋದ ಮೇಲಿನ ದಿನಗಳು

ನಮ್ಮ ಪಾಠಗಳ ಇನ್ನೊಂದು ತೊಡಕು ಸಮಯದ್ದು. ತೊಡಕಿಲ್ಲದ ಹೆರಿಗೆಯ ನಂತರ ಕನಿಷ್ಠ 24 ಗಂಟೆ ತಾಯಿ-ಮಗು ಆರೋಗ್ಯ ಕೇಂದ್ರದಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಲು ತುಂಬಿ ಎದೆ ಬಿಗಿಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದ ನಡುವೆ. ಮಗುವಿನ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು, ಹತ್ತು-ಹದಿನಾಲ್ಕು ದಿನಗಳಲ್ಲಿ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ. ಸಹಜ ಕಾಮಾಲೆ ಏರುವುದು ಮೂರರಿಂದ ಐದನೆಯ ದಿನಕ್ಕೆ. ತಾಯಿಯ ಮನಸ್ಸು ಕಾರಣವಿಲ್ಲದೆ ತುಂಬಿ ಬರುವುದೂ ಅದೇ ದಿನಗಳಲ್ಲಿ. ಎಂದರೆ, ಎಲ್ಲವೂ ಆಗುವುದು ಡಿಸ್ಚಾರ್ಜ್ ಆದ ಮೇಲೆ. ಆಯಾಸ, ನೋವು, ನಿದ್ದೆಗೇಡಿನ ನಡುವೆ, ಇನ್ನೂ ಸಂಭವಿಸದ ಸಂಗತಿಗಳ ಪಟ್ಟಿಯನ್ನು ತಾಯಿ ಮೊದಲ ದಿನವೇ ಕೇಳಿಸಿಕೊಳ್ಳಬೇಕಾಗುತ್ತದೆ. ರೋಗಿಗಳು ವೈದ್ಯಕೀಯ ಮಾಹಿತಿಯನ್ನು ಎಷ್ಟು ನೆನಪಿಡುತ್ತಾರೆ ಎಂಬುದನ್ನು ಪರಿಶೀಲಿಸಿ 2003ರಲ್ಲಿ ಬಂದ ಲೇಖನವೊಂದರ ಪ್ರಕಾರ ಹೇಳಿದ್ದರಲ್ಲಿ ಶೇಕಡಾ 40ರಿಂದ 80ರಷ್ಟು ಆ ಕ್ಷಣವೇ ಮರೆತುಹೋಗುತ್ತದೆ, ಮಾಹಿತಿ ಹೆಚ್ಚಾದಷ್ಟೂ ಮರೆವಿನ ಪಾಲು ಹೆಚ್ಚು. ಹೀಗಿರುವಾಗ ಡಿಸ್ಚಾರ್ಜಿನ ದಿನ ಇಡೀ ಅಧ್ಯಾಯವನ್ನು ಓದಿ ಹೇಳುವುದಕ್ಕಿಂತ, ಬಿಡಲೇಬಾರದ ಕೆಲವನ್ನು ಆಯ್ದು ತಾಯಿಯ ಕೈಯಲ್ಲೇ ಮಾಡಿಸಿ ಕಳುಹಿಸುವುದು ಹೆಚ್ಚು ಉಪಯುಕ್ತ.

ಯಾವುದನ್ನು ಆಯ್ದುಕೊಳ್ಳಬೇಕು ಎಂಬುದರಲ್ಲಿ ನನಗೆ ಗೊಂದಲವಿಲ್ಲ. ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಎದೆಯ ಕೆಳಭಾಗ ಜೋರಾಗಿ ಒಳಕ್ಕೆ ಸೆಳೆದುಕೊಂಡರೆ, ಮೈ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಾದರೆ ಅಥವಾ 35.5ಕ್ಕಿಂತ ತಣ್ಣಗಾದರೆ, ಸೆಳವು ಬಂದರೆ, ತಾನಾಗಿ ಕೈಕಾಲು ಆಡಿಸದಿದ್ದರೆ, ಮೊದಲ 24 ಗಂಟೆಯೊಳಗೆ ಹಳದಿಯಾದರೆ ಅಥವಾ ಯಾವಾಗಲೇ ಆದರೂ ಅಂಗೈ ಅಂಗಾಲು ಹಳದಿಯಾದರೆ ತಡಮಾಡದೆ ತೋರಿಸಬೇಕು. ಇವು ಎಲ್ಲ ಚಾರ್ಟಿನಲ್ಲೂ ಇರುತ್ತವೆ. ಆದರೆ ‘ಉಸಿರು 60 ಮುಟ್ಟಬಾರದು’ ಎಂದು ತಿಳಿದಿರುವುದಕ್ಕೂ, ಮಲಗಿದ ಮಗುವಿನ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸುವುದಕ್ಕೂ ನಡುವೆ ಬಹಳ ಅಂತರವಿದೆ. ಹಸುಳೆಯ ಉಸಿರು ಒಂದೇ ಲಯದಲ್ಲಿರುವುದಿಲ್ಲ, ಕೆಲವು ಕ್ಷಣ ನಿಂತಂತೆಯೂ ಆಗುತ್ತದೆ ಎಂಬುದು ಎಣಿಸಿ ನೋಡಿದ ತಾಯಿಗೆ ಮಾತ್ರ ಗೊತ್ತಾಗುತ್ತದೆ. ಎಣಿಸದೆ ಮನೆಗೆ ಹೋದವಳು ಆ ನಿಲುಗಡೆಗೆ ಹೆದರುತ್ತಾಳೆ, ಇಲ್ಲವೇ ನಿಜವಾಗಿ ಹೆದರಬೇಕಾದಾಗ ಗುರುತಿಸಲಾರಳು.

ಇಲ್ಲಿ ಇನ್ನೊಬ್ಬ ವಿದ್ಯಾರ್ಥಿನಿಯ ನೆನಪಾಗುತ್ತದೆ. ಹೆಚ್ಚು ಮಾತಿನವಳಲ್ಲ, ಅವಳ ಪಾಠದಲ್ಲಿ ಅರ್ಧ ಹೊತ್ತು ಮೌನವೇ ಇರುತ್ತಿತ್ತು. ಕಾಮಾಲೆಯ ಬಗ್ಗೆ ಹೇಳಬೇಕಾಗಿ ಬಂದಾಗ ಅವಳು ತಾಯಿಯನ್ನೂ ಮಗುವನ್ನೂ ವಾರ್ಡಿನ ಕಿಟಕಿಯ ಬಳಿಗೆ ಕರೆದೊಯ್ದಳು. ವಿದ್ಯುತ್ ದೀಪದ ಬೆಳಕಿನಲ್ಲಿ ಬಣ್ಣ ಮೋಸ ಮಾಡುತ್ತದೆ, ಹಗಲು ಬೆಳಕಿನಲ್ಲೇ ನೋಡಬೇಕು ಎಂದು ಹೇಳಿ, ಮಗುವಿನ ಹಣೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟು, ಒತ್ತಿದ ಜಾಗದ ಬಣ್ಣವನ್ನು ತೋರಿಸಿದಳು. ಆಮೇಲೆ ಎದೆ, ಆಮೇಲೆ ಅಂಗಾಲು. ಮುಂದೆ ತಾನೇನೂ ಹೇಳದೆ ತಾಯಿಯ ಕೈಯಿಂದಲೇ ಅದನ್ನು ಮಾಡಿಸಿದಳು. ‘ಇವತ್ತಿನ ಬಣ್ಣ ನೋಡಿಕೊಳ್ಳಿ ಅಕ್ಕಾ, ನಾಳೆ ಇದೇ ಹೊತ್ತಿಗೆ ಇದೇ ತರ ನೋಡಿ’ ಎಂದಳು. ಕೆಲವು ದಿನಗಳ ಮೇಲೆ ಆ ತಾಯಿ ಅಂಗಾಲು ಹಳದಿಯಾಗಿದೆ ಎಂದು ಮಗುವನ್ನು ಎತ್ತಿಕೊಂಡು ಬಂದರು. ರಕ್ತಪರೀಕ್ಷೆಯಲ್ಲಿ, ಮೈಗೆ ಹಳದಿ ಬಣ್ಣ ತರುವ ಬಿಲಿರುಬಿನ್ ಹೆಚ್ಚಾಗಿರುವುದು ಕಂಡಿತು, ಮಗುವನ್ನು ಬೆಳಕಿನ ಚಿಕಿತ್ಸೆಗೆ ಇಟ್ಟರು, ಗುಣವಾಯಿತು. ಕಣ್ಣಿನ ಅಂದಾಜು ಎಲ್ಲ ಮೈಬಣ್ಣಗಳಿಗೂ ಒಂದೇ ರೀತಿ ಹೊಂದುವುದಿಲ್ಲ, ಅನುಮಾನ ಬಂದರೆ ಅಳೆದೇ ನೋಡಬೇಕು. ಆದರೆ ಅನುಮಾನ ಬರುವುದಕ್ಕೇ ಒಂದು ಅಭ್ಯಾಸ ಬೇಕು, ಅದನ್ನು ಆ ತಾಯಿ ವಾರ್ಡಿನಿಂದ ಕೊಂಡೊಯ್ದಿದ್ದರು. ಬೆಳಕಿನ ಚಿಕಿತ್ಸೆಯ ಹುಟ್ಟಿನಲ್ಲೂ ನರ್ಸೊಬ್ಬರ ಕಣ್ಣಿದೆ ಎಂಬುದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. 1956ರಲ್ಲಿ ಇಂಗ್ಲೆಂಡಿನ ರಾಕ್‌ಫರ್ಡ್ ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ನೋಡಿಕೊಳ್ಳುತ್ತಿದ್ದ, ವಾರ್ಡ್ ಎಂಬ ಹೆಸರಿನ ಸಿಸ್ಟರ್, ಬಿಸಿಲಿಗೆ ಒಡ್ಡಿದ ಮಗುವಿನ ಮೈಯ ಹಳದಿ ತಿಳಿಯಾಗಿರುವುದನ್ನೂ, ಹೊದಿಕೆಯ ಅಂಚು ಮುಚ್ಚಿದ್ದ ಜಾಗ ಮಾತ್ರ ಗಾಢ ಹಳದಿಯಾಗಿಯೇ ಉಳಿದಿರುವುದನ್ನೂ ಗಮನಿಸಿ ವೈದ್ಯರಿಗೆ ತೋರಿಸಿದರು. ಅಲ್ಲಿಂದ ಆರಂಭವಾದ ವಿಚಾರ 1958ರಲ್ಲಿ ಪ್ರಕಟವಾಗಿ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಚಿಕಿತ್ಸೆಗೆ ದಾರಿಯಾಯಿತು.

ಮಗುವಿನ ಬಗ್ಗೆ ಇಷ್ಟು ಹೇಳುವ ನಾವು ತಾಯಿಯ ಬಗ್ಗೆ ಹೇಳುವುದು ಬಹಳ ಕಡಿಮೆ ಎಂಬುದು ನನ್ನ ದೊಡ್ಡ ಆಕ್ಷೇಪ. ಪ್ಯಾಡ್ ಒಂದು ಗಂಟೆಯೊಳಗೆ ತೊಯ್ದು ಹೋಗುವಷ್ಟು ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ಕಣ್ಣು ಮಂಜಾಗುವುದರೊಂದಿಗೆ ಬರುವ ತೀವ್ರ ತಲೆನೋವು, ಒಂದು ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ, ಉಸಿರುಕಟ್ಟುವಿಕೆ, ಇವು ತಾಯಿಯ ಜೀವಕ್ಕೆ ಅಪಾಯದ ಸೂಚನೆಗಳು. ರಕ್ತದೊತ್ತಡದ ತೊಂದರೆ ಹೆರಿಗೆಯೊಂದಿಗೆ ಮುಗಿಯುವುದಿಲ್ಲ, ಅದು ಹೆರಿಗೆಯ ನಂತರವೂ ಹೊಸದಾಗಿ ಕಾಣಿಸಿಕೊಳ್ಳಬಹುದು. ಆದರೂ ವಿದ್ಯಾರ್ಥಿಗಳ ಪ್ರಶ್ನಾವಳಿಗಳಲ್ಲಿ ಇವಕ್ಕೆ ಸಿಗುವ ಸ್ಥಳ ಒಂದೋ ಎರಡೋ ಸಾಲು. ಮನಸ್ಸಿನ ವಿಷಯಕ್ಕೆ ಅದೂ ಇಲ್ಲ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ಜಾನ್ ಕಾಕ್ಸ್, ಜೆನಿ ಹೋಲ್ಡನ್, ರೂತ್ ಸಗೋವ್‌ಸ್ಕಿ ಸಿದ್ಧಪಡಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿದೆ, ಉತ್ತರಿಸಲು ಕೆಲವೇ ನಿಮಿಷ ಸಾಕು. ಎರಡು ವಾರ ಕಳೆದರೂ ಬಿಡದ ದುಃಖ, ಮಗು ಮಲಗಿದ್ದರೂ ಬಾರದ ನಿದ್ದೆ, ತನಗೋ ಮಗುವಿಗೋ ಏನಾದರೂ ಮಾಡಿಕೊಂಡುಬಿಡುತ್ತೇನೋ ಎಂಬ ಯೋಚನೆ ಬಂದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ, ತಾಯಿಯ ದೌರ್ಬಲ್ಯವಲ್ಲ ಎಂಬ ಮಾತನ್ನು ತಾಯಿಗೂ ಅವಳ ಜೊತೆಗಿರುವವರಿಗೂ ಒಟ್ಟಿಗೆ ಹೇಳಬೇಕು. ಜೊತೆಗಿರುವವರು ಎಂಬುದನ್ನು ಒತ್ತಿ ಹೇಳುತ್ತೇನೆ. ಮಗುವನ್ನು ಯಾವಾಗ ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬ ತೀರ್ಮಾನ ಬಹಳ ಮನೆಗಳಲ್ಲಿ ಬಾಣಂತಿಯೊಬ್ಬಳದೇ ಆಗಿರುವುದಿಲ್ಲ.

ವಿದ್ಯಾರ್ಥಿಗಳಿಗೆ ನಾವು ಕಲಿಸುವುದು

ವಿದ್ಯಾರ್ಥಿನಿ ಚಾರ್ಟಿನಿಂದ ಕಣ್ಣೆತ್ತದಿದ್ದರೆ ಅದು ಅವಳ ತಪ್ಪೆಂದು ನಾನು ಭಾವಿಸುವುದಿಲ್ಲ. ಅವಳನ್ನು ನಾವು ಅಳೆದದ್ದೇ ಹಾಗೆ. ಕಲಿಕೆಯನ್ನು ಅಳೆಯುವ ಬಗ್ಗೆ ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದರು: ಗೊತ್ತಿರುವುದು, ಹೇಗೆ ಮಾಡಬೇಕೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು. ಲಿಖಿತ ಪರೀಕ್ಷೆ ಮೊದಲ ಎರಡನ್ನು ಮುಟ್ಟುತ್ತದೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಪರಿಚಯಿಸಿದ, ಈಗ ನರ್ಸಿಂಗ್ ಕಾಲೇಜುಗಳಲ್ಲೂ ಓಸ್ಕಿ ಎಂಬ ಹೆಸರಿನಿಂದ ಪರಿಚಿತವಾಗಿರುವ, ಪರೀಕ್ಷಕರೆದುರು ಕೆಲಸವನ್ನು ಮಾಡಿ ತೋರಿಸಬೇಕಾದ ಪರೀಕ್ಷೆ ಮೂರನೆಯದನ್ನು ಮುಟ್ಟುತ್ತದೆ. ಆ ಪರೀಕ್ಷೆಯ ಚೆಕ್‌ಲಿಸ್ಟಿನಲ್ಲೂ ‘ತಾಯಿಗೆ ವಿವರಿಸಿದಳು’ ಎಂಬ ಸಾಲಿಗೆ ಅಂಕವಿರುತ್ತದೆ. ‘ತಾಯಿಯನ್ನು ಕೇಳಿದಳು, ಉತ್ತರಕ್ಕಾಗಿ ಕಾದಳು’ ಎಂಬ ಸಾಲು ಅಪರೂಪ. ಅಂಕವಿಲ್ಲದ್ದನ್ನು ವಿದ್ಯಾರ್ಥಿಗಳು ಬಿಡುವುದು ಸಹಜ.

ಕೈ ತೊಳೆಯುವ ವಿಷಯದಲ್ಲಿ ಇದೇ ಅಂತರ ಇನ್ನೂ ಕಣ್ಣಿಗೆ ಹೊಡೆಯುವಂತಿದೆ. 1847ರಲ್ಲಿ ವಿಯೆನ್ನಾದಲ್ಲಿ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ಕ್ರಮ ತಂದಾಗ, ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ವಾರ್ಡಿನಲ್ಲಿ ಏಪ್ರಿಲ್‌ನಲ್ಲಿ ಶೇಕಡಾ 18 ದಾಟಿದ್ದ ಬಾಣಂತಿಯರ ಮರಣ ಪ್ರಮಾಣ ಜೂನ್ ಹೊತ್ತಿಗೆ ಶೇಕಡಾ 3ಕ್ಕಿಂತ ಕೆಳಗಿಳಿಯಿತು. ಇದನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಕೈ ಶುಚಿಗೊಳಿಸಬೇಕಾದ ಐದು ಸಂದರ್ಭಗಳನ್ನೂ ಬಲ್ಲರು. ಆದರೆ ಹೊಸ ವಿದ್ಯಾರ್ಥಿ ವಾರ್ಡಿಗೆ ಬಂದ ಮೊದಲ ವಾರದಲ್ಲಿ ಅನುಸರಿಸುವುದು ಅಲ್ಲಿನ ಹಿರಿಯರು ಹಾಸಿಗೆಯಿಂದ ಹಾಸಿಗೆಗೆ ಹೇಗೆ ಹೋಗುತ್ತಾರೆ ಎಂಬುದನ್ನು. ಬಾಣಂತಿ ನರ್ಸನ್ನು ನೋಡಿ ಕಲಿಯುವಂತೆ ವಿದ್ಯಾರ್ಥಿಯೂ ನರ್ಸನ್ನು ನೋಡಿಯೇ ಕಲಿಯುತ್ತಾಳೆ. ಆದ್ದರಿಂದ ಬೋಧಕರು ವಾರ್ಡಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವಷ್ಟಕ್ಕೆ ನಿಲ್ಲದೆ, ತಾವೇ ತಾಯಂದಿರ ಬಳಿ ಕುಳಿತು ಕೆಲಸ ಮಾಡುವುದನ್ನು ವಿದ್ಯಾರ್ಥಿಗಳು ನೋಡುವಂತಾಗಬೇಕು ಎಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತ ಬಂದಿದ್ದೇನೆ.

ಈ ವರ್ಷದ ಸಂಶೋಧನಾ ಪ್ರಸ್ತಾವಗಳು ಬಂದಾಗ ಕೆಲವು ಬದಲಾವಣೆಗಳನ್ನು ಸೂಚಿಸಿದ್ದೇನೆ. ಪ್ರಶ್ನಾವಳಿ ಬರೆಯುವ ಮೊದಲು ಕೆಲವು ತಾಯಂದಿರ ಬಳಿ ಖಾಲಿ ಹಾಳೆಯೊಂದಿಗೆ ಕುಳಿತು, ಅವರಿಗೇ ತಿಳಿಯಬೇಕೆನಿಸಿರುವುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ‘ಅರ್ಥ ಆಯ್ತಾ’ ಎಂದು ಕೇಳುವ ಬದಲು, ‘ಇದನ್ನು ಮನೆಯವರಿಗೆ ಹೇಗೆ ಹೇಳುತ್ತೀರಿ, ಒಮ್ಮೆ ನನಗೆ ಹೇಳಿ ನೋಡಿ’ ಎಂದು ಕೇಳಬೇಕು. ತಾಯಿ ತಡವರಿಸಿದರೆ ತಿದ್ದಿಕೊಳ್ಳಬೇಕಾದದ್ದು ಹೇಳಿದ ಕ್ರಮವನ್ನು. ಪಾಠವಿಲ್ಲದೆ ಎಂದಿನ ಆರೈಕೆ ಪಡೆಯುವ ಗುಂಪೊಂದು ಹೋಲಿಕೆಗೆ ಇರಬೇಕು, ಅಧ್ಯಯನ ಮುಗಿದ ಮೇಲೆ ಅವರಿಗೂ ಅದೇ ತಿಳಿವಳಿಕೆ ಸಿಗಬೇಕು. ಕೊನೆಯ ಅಳತೆ ಡಿಸ್ಚಾರ್ಜಿನ ದಿನದ್ದಾಗಿರದೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಏಳರಿಂದ ಹದಿನಾಲ್ಕನೆಯ ದಿನದ ಅಥವಾ ಆರನೆಯ ವಾರದ ಭೇಟಿಯಲ್ಲಿ, ತಾಯಿ ಮಾಡುವುದನ್ನು ಕಣ್ಣಾರೆ ನೋಡಿ ಬರೆದದ್ದಾಗಿರಬೇಕು.

ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಮೇಡಂ, ಆರನೇ ವಾರಕ್ಕೆ ಅರ್ಧದಷ್ಟು ಜನ ವಾಪಸ್ ಬರೋದಿಲ್ಲ. ಸ್ಯಾಂಪಲ್ ಕಡಿಮೆಯಾಗುತ್ತೆ, ಫಲಿತಾಂಶದಲ್ಲಿ ವ್ಯತ್ಯಾಸವೇ ಬರದಿದ್ದರೆ ಏನು ಮಾಡೋದು?’ ನ್ಯಾಯವಾದ ಪ್ರಶ್ನೆ. ಬಾರದವರು ಏಕೆ ಬರಲಿಲ್ಲ ಎಂದು ಫೋನ್ ಮಾಡಿ ವಿಚಾರಿಸಿ ಬರೆಯುವುದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡು, ವ್ಯತ್ಯಾಸ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆ, ಅಂಥ ವರದಿಗೆ ನಾನು ಒಂದು ಅಂಕವನ್ನೂ ಕಡಿಮೆ ಮಾಡುವುದಿಲ್ಲ ಎಂದು ಹೇಳಿದ್ದೇನೆ. ಹೊರಗಿನ ಪರೀಕ್ಷಕರೂ ಹಾಗೆಯೇ ನೋಡಬೇಕೆಂದು ವಿವರವಾದ ಪತ್ರವೊಂದನ್ನು ಬರೆದು ವಿಭಾಗದ ಮುಖ್ಯಸ್ಥರಿಗೆ ಕೊಟ್ಟಿದ್ದೇನೆ. ಮುಂದಿನ ಶೈಕ್ಷಣಿಕ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.